ನಂಬರ್ ಒನ್ ಹಾಡೇ ಇಲ್ಲದ ‘ಗ್ರೇಟೆಸ್ಟ್ ಹಿಟ್ಸ್’: ಬಾಬ್ ಸೀಗರ್ ಆಲ್ಬಮ್‌ ಮಾರಾಟದ ಒಳಲೆಕ್ಕ

ಡೆಟ್ರಾಯಿಟ್‌ನ ರಾಕ್ ಗಾಯಕ ಬಾಬ್ ಸೀಗರ್‌ಗೆ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಹಾಡುಗಳ ವಾರದ ಪಟ್ಟಿ ‘ಹಾಟ್ 100’ರಲ್ಲಿ ಮೊದಲ ಸ್ಥಾನ ಸಿಕ್ಕಿದ್ದು ಒಂದೇ ಒಂದು ಸಲ. 1987ರಲ್ಲಿ, ‘ಶೇಕ್‌ಡೌನ್’ ಹಾಡಿಗೆ. ಏಳು ವರ್ಷ ಕಳೆದು 1994ರ ಅಕ್ಟೋಬರ್‌ನಲ್ಲಿ ಕ್ಯಾಪಿಟಲ್ ಕಂಪನಿ ಅವರ 14 ಹಾಡು ಸೇರಿಸಿ ‘ಗ್ರೇಟೆಸ್ಟ್ ಹಿಟ್ಸ್’ ಹೆಸರಿನ ಸಿಡಿ ತಂದಿತು. ಅದರಲ್ಲಿ ಆ ಹಾಡು ಇರಲಿಲ್ಲ. ‘ಶೇಕ್‌ಡೌನ್’ ಒಂದು ಸಿನಿಮಾ ಹಾಡು. ಆ ಚಿತ್ರದ ಆಲ್ಬಮ್ ಎಂಸಿಎ ಕಂಪನಿಯದು.

ನಮ್ಮ ಕ್ಯಾಸೆಟ್ ಕಾಲ ನೆನಪಿರುವವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಹಾಡಿನ ಹಕ್ಕು ಯಾವ ಆಡಿಯೊ ಕಂಪನಿಯದೋ ಸಂಕಲನವೂ ಆ ಕಂಪನಿಯದೇ. ಪಿ.ಬಿ. ಶ್ರೀನಿವಾಸ್ ಅವರ ಒಳ್ಳೊಳ್ಳೆ ಹಾಡುಗಳೆಲ್ಲ ಒಂದೇ ಕ್ಯಾಸೆಟ್ಟಿನಲ್ಲಿ ಸಿಗುತ್ತಿರಲಿಲ್ಲವೆಂದರೆ ಅದಕ್ಕೆ ಕಾರಣ ಆರಿಸಿದವರ ಅಭಿರುಚಿಯಲ್ಲ, ಹಕ್ಕಿನ ಕಾಗದ.

ಅಚ್ಚರಿ ಇರುವುದು ಆಮೇಲಿನ ಮಾರಾಟದಲ್ಲಿ. ಬಿಡುಗಡೆಯ ಹೊತ್ತಿಗೆ ಆಲ್ಬಮ್, ಆಲ್ಬಮ್‌ಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ 200ರಲ್ಲಿ ಎಂಟನೇ ಸ್ಥಾನಕ್ಕೆ ಏರಿತು. ಚೆನ್ನಾಗಿಯೇ ಇದೆ, ಆದರೆ ದಾಖಲೆಯೇನಲ್ಲ. ಹದಿನೈದು ವರ್ಷದ ನಂತರ, 2009ರ ಡಿಸೆಂಬರ್‌ನಲ್ಲಿ, ಬಿಲ್‌ಬೋರ್ಡ್ ಮತ್ತು ಮಾರಾಟ ಎಣಿಸುವ ಸಂಸ್ಥೆ ನೀಲ್ಸನ್ ಸೌಂಡ್‌ಸ್ಕ್ಯಾನ್ ದಶಕದ ಲೆಕ್ಕ ಹಾಕಿದಾಗ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ‘ಕ್ಯಾಟಲಾಗ್’ ಆಲ್ಬಮ್ ಇದೇ ಆಗಿತ್ತು. ಪ್ರತಿಗಳ ಸಂಖ್ಯೆ 90 ಲಕ್ಷದ ಹತ್ತಿರ ಬಂದಿತ್ತು. ಕ್ಯಾಟಲಾಗ್ ಎಂದರೆ ಬಿಡುಗಡೆಯಾಗಿ ಹದಿನೆಂಟು ತಿಂಗಳಿಗೂ ಹೆಚ್ಚು ಕಾಲ ಕಳೆದು ಕಾವು ಆರಿದ ಹಳೆಯ ಸರಕು. ಒಂದು ವಾರವೂ ಪಟ್ಟಿಯ ತುದಿ ಮುಟ್ಟದ ಆಲ್ಬಮ್ ದಶಕದ ಕೊನೆಗೆ ಹಳೆಯ ಸರಕಿಗೆಲ್ಲ ದೊರೆಯಾಗಿ ನಿಂತಿತು.

ಒಳಗಿರುವ ಹಾಡುಗಳನ್ನು ನೋಡಿದರೆ ‘ಹಿಟ್’ ಎಂಬ ಮಾತೇ ಸ್ವಲ್ಪ ಅಲುಗಾಡುತ್ತದೆ. ‘ನೈಟ್ ಮೂವ್ಸ್’ ಮತ್ತು ‘ಸ್ಟಿಲ್ ದ ಸೇಮ್’ ನಾಲ್ಕನೇ ಸ್ಥಾನ ಕಂಡವು, ‘ಅಗೇನ್‌ಸ್ಟ್ ದ ವಿಂಡ್’ ಐದನೆಯದು, ಇವು ಸರಿ. ‘ಓಲ್ಡ್ ಟೈಮ್ ರಾಕ್ ಆ್ಯಂಡ್ ರೋಲ್’ 1979ರಲ್ಲಿ 28ನೇ ಸ್ಥಾನದಲ್ಲೇ ನಿಂತಿತು. ‘ಟರ್ನ್ ದ ಪೇಜ್’ ಅಮೆರಿಕದಲ್ಲಿ ಹಿಟ್ ಸಿಂಗಲ್ ಆಗಿದ್ದೇ ಇಲ್ಲ. ಸಿಡಿಯಲ್ಲಿರುವುದು 1976ರ ಲೈವ್ ಆಲ್ಬಮ್‌ನ ರೂಪ. ಆದರೂ ಸೀಗರ್ ಹೆಸರು ಹೇಳಿದರೆ ಅಮೆರಿಕನ್ನರ ಬಾಯಿಗೆ ಮೊದಲು ಬರುವುದು ಈ ಎರಡು ಹಾಡುಗಳೇ.

ಹಾಡು ಬಿಡುಗಡೆಯಾದ ಹತ್ತು ಹನ್ನೆರಡು ವಾರಗಳಲ್ಲಿ ಏನಾಯಿತು ಎಂಬುದನ್ನಷ್ಟೇ ಪಟ್ಟಿ ಹೇಳುತ್ತದೆ. ಸಂಕಲನದ ಮಾರಾಟ ನಿರ್ಧಾರವಾಗುವುದು ಆಮೇಲಿನ ಇಪ್ಪತ್ತು ವರ್ಷಗಳಲ್ಲಿ. ‘ಓಲ್ಡ್ ಟೈಮ್ ರಾಕ್ ಆ್ಯಂಡ್ ರೋಲ್’ಗೆ ಎರಡನೇ ಜನ್ಮ ಕೊಟ್ಟಿದ್ದು 1983ರ ‘ರಿಸ್ಕಿ ಬಿಸಿನೆಸ್’ ಚಿತ್ರದಲ್ಲಿ ಟಾಮ್ ಕ್ರೂಸ್ ಅಂಗಿ, ಒಳಚಡ್ಡಿ, ಕಾಲುಚೀಲದಲ್ಲಿ ಕುಣಿದ ದೃಶ್ಯ. ಅಲ್ಲಿಂದ ಮುಂದೆ ಬಾರುಗಳ ಜೂಕ್‌ಬಾಕ್ಸ್‌ಗೂ ಮದುವೆ ಮನೆಗೂ ಅದು ಕಾಯಂ ಹಾಡಾಯಿತು. 1986ರಲ್ಲಿ 12ನೇ ಸ್ಥಾನಕ್ಕೆ ಬಂದಿದ್ದ ‘ಲೈಕ್ ಎ ರಾಕ್’ ಅನ್ನು ಷೆವರ್ಲೆ ಕಂಪನಿ ತನ್ನ ಪಿಕಪ್ ಟ್ರಕ್ ಜಾಹೀರಾತಿಗೆ 1991ರಿಂದ 2004ರವರೆಗೆ ಬಳಸಿತು. ಅಂದರೆ ಸಂಕಲನ ಅಂಗಡಿಗೆ ಬಂದ ಮೊದಲ ಹತ್ತು ವರ್ಷ ಅದರ ಒಂದು ಹಾಡು ಟಿವಿಯಲ್ಲಿ ಬೇರೆಯವರ ಖರ್ಚಿನಲ್ಲಿ ಪ್ರಚಾರ ಪಡೆಯುತ್ತಲೇ ಇತ್ತು. ‘ಟರ್ನ್ ದ ಪೇಜ್’ ಅನ್ನು 1998ರಲ್ಲಿ ಮೆಟಾಲಿಕಾ ತಂಡ ಮತ್ತೆ ಹಾಡಿ ಸೀಗರ್ ಯಾರೆಂದೇ ತಿಳಿಯದ ಹುಡುಗರಿಗೂ ಮುಟ್ಟಿಸಿತು. ಇದಕ್ಕೆಲ್ಲ ಬೆನ್ನೆಲುಬಾಗಿ, ಎಪ್ಪತ್ತರ ದಶಕದ ಹಾಡುಗಳನ್ನೇ ದಿನವಿಡೀ ತಿರುಗಿಸುವ ‘ಕ್ಲಾಸಿಕ್ ರಾಕ್’ ರೇಡಿಯೊ ಕೇಂದ್ರಗಳು ಊರೂರಿನಲ್ಲಿದ್ದವು.

ಇಷ್ಟಾದರೂ ಒಂದು ಕಾರಣ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು: ಈ ಹಾಡುಗಳನ್ನು ಒಟ್ಟಾಗಿ ಪಡೆಯಲು ಬೇರೆ ದಾರಿ ಸುಲಭವಿರಲಿಲ್ಲ. ಈ 14 ಹಾಡಿನ ಬಹುಪಾಲಿಗಾಗಿ ಒಬ್ಬರು 1976ರಿಂದ 1991ರವರೆಗಿನ ಆರೇಳು ಆಲ್ಬಮ್ ಕೊಳ್ಳಬೇಕಿತ್ತು. ತೊಂಬತ್ತರ ದಶಕದಲ್ಲಿ ಪೂರ್ಣ ಬೆಲೆಯ ಸಿಡಿಯೊಂದಕ್ಕೆ 16-17 ಡಾಲರ್. ಈ ಸಂಕಲನದ ಒಂದು ಸಿಡಿ ಕೊಂಡರೆ ಕೆಲಸ ಮುಗಿಯುತ್ತಿತ್ತು. ಐಟ್ಯೂನ್ಸ್‌ ಅಂಗಡಿ 2003ರಲ್ಲಿ ತೆರೆದು 99 ಸೆಂಟಿಗೆ ಬಿಡಿ ಹಾಡು ಮಾರತೊಡಗಿದ ಮೇಲೆ ಬಹುತೇಕ ಕಲಾವಿದರ ಸಂಕಲನಗಳಿಗೆ ಪೆಟ್ಟು ಬಿತ್ತು. ಮೂರು ಹಾಡು ಬೇಕಾದವರು ಮೂರೇ ಡಾಲರ್ ಕೊಟ್ಟರು. ಸೀಗರ್ ಆ ಬಾಗಿಲನ್ನು ಬಹುಕಾಲ ತೆರೆಯಲೇ ಇಲ್ಲ. ಅವರ ಮುಖ್ಯ ಆಲ್ಬಮ್‌ಗಳು ಸ್ಟ್ರೀಮಿಂಗ್‌ಗೆ ಬಂದದ್ದು 2017ರ ಜೂನ್‌ನಲ್ಲಿ. ವಾಲ್‌ಮಾರ್ಟ್‌ನಂತಹ ಅಂಗಡಿಯ ಕಪಾಟಿನಲ್ಲಿದ್ದ ಈ ಸಿಡಿಗೆ ಅಲ್ಲಿಯವರೆಗೆ ಸ್ಟ್ರೀಮಿಂಗ್‌ನ ಪೈಪೋಟಿ ಇರಲಿಲ್ಲ. ಡಿಜಿಟಲ್ ವಿರೋಧವನ್ನು ಹಳೆಯ ಕಾಲದವರ ಹಟ ಎಂದು ಬರೆದವರುಂಟು. ಅಂಕಿಗಳನ್ನು ನೋಡಿದರೆ ಅದು ಹಟವೂ ಹೌದು, ವ್ಯಾಪಾರವೂ ಹೌದು.

ಕಂಪನಿಗೆ ಇಂಥ ಸಂಕಲನ ಯಾಕೆ ಇಷ್ಟ ಎಂಬುದಕ್ಕೆ ಖರ್ಚಿನ ಪಟ್ಟಿ ನೋಡಿದರೆ ಸಾಕು. ಸ್ಟುಡಿಯೊ ಬಾಡಿಗೆ, ವಾದ್ಯಗಾರರು, ನಿರ್ಮಾಪಕನ ಮುಂಗಡ, ಇವೆಲ್ಲ ಹಿಂದಿನ ಆಲ್ಬಮ್‌ಗಳಲ್ಲೇ ತೀರಿ ಹೋದ ಖರ್ಚು. ಹಳೆಯ ಅಭಿಮಾನಿಗಳನ್ನು ಮತ್ತೆ ಅಂಗಡಿಗೆ ಎಳೆಯಲು ಒಂದೆರಡು ಹೊಸ ಹಾಡು ಸೇರಿಸಿದರೆ ಆಯಿತು. ಸೀಗರ್ ಆಲ್ಬಮ್‌ನಲ್ಲಿ ಹಾಗೆ ಬಂದವು ಎರಡು: ಅವರದೇ ‘ಇನ್ ಯುವರ್ ಟೈಮ್’, ಇನ್ನೊಂದು ಚಕ್ ಬೆರಿಯ ಹಳೆಯ ಹಾಡಿನ ಮರುಗಾಯನ ‘ಸೆ ಲಾ ವೀ’. ಅಮೆರಿಕದ ಇನ್ನೊಬ್ಬ ರಾಕ್ ಗಾಯಕ ಟಾಮ್ ಪೆಟಿಯ 1993ರ ‘ಗ್ರೇಟೆಸ್ಟ್ ಹಿಟ್ಸ್’ ಈ ತಂತ್ರದ ಅತ್ಯುತ್ತಮ ಮಾದರಿ. ಅದಕ್ಕೆಂದೇ ಧ್ವನಿಮುದ್ರಿಸಿದ ‘ಮೇರಿ ಜೇನ್ಸ್ ಲಾಸ್ಟ್ ಡ್ಯಾನ್ಸ್’ ಅವರ ಅತಿ ಜನಪ್ರಿಯ ಹಾಡುಗಳಲ್ಲಿ ಒಂದಾಯಿತು. ಸೀಗರ್‌ನ ಎರಡು ಹೊಸ ಹಾಡುಗಳು ಇಂದು ಯಾರಿಗೂ ನೆನಪಿಲ್ಲ. ಆಲ್ಬಮ್ ಮಾರಾಟಕ್ಕೆ ಅದರಿಂದ ಏನೂ ಆಗಲಿಲ್ಲ.

ಹಾಡು ಬರೆದವರಿಗೆ ಸಲ್ಲುವ ‘ಮೆಕ್ಯಾನಿಕಲ್’ ರಾಯಲ್ಟಿಯಲ್ಲಿ ಒಂದು ತಿರುವಿದೆ. ಸಂಕಲನಗಳಲ್ಲಿ ಹಾಡಿನ ಸಂಖ್ಯೆಗೆ ಕಂಪನಿಗಳು ಯಾಕೆ ತಲೆ ಕೆಡಿಸಿಕೊಳ್ಳುತ್ತವೆ ಎಂಬುದು ಅಲ್ಲಿ ಕಾಣುತ್ತದೆ. 1994ರಲ್ಲಿ ಅಮೆರಿಕದ ಕಾನೂನು ನಿಗದಿ ಮಾಡಿದ್ದ ದರ ಪ್ರತಿ ಡಿಸ್ಕಿಗೆ ಹಾಡೊಂದಕ್ಕೆ 6.6 ಸೆಂಟ್. ಐದು ನಿಮಿಷ ಮೀರಿದ ಹಾಡಿಗೆ ನಿಮಿಷದ ದರ ಬೇರೆ, ಅದನ್ನು ಸದ್ಯ ಬದಿಗಿಡೋಣ. 14 ಹಾಡಿಗೆ ಪೂರ್ಣ ದರ ಕೊಟ್ಟರೆ ಡಿಸ್ಕೊಂದಕ್ಕೆ 92.4 ಸೆಂಟ್. ಆದರೆ ತಾನೇ ಬರೆದು ತಾನೇ ಹಾಡುವ ಗಾಯಕರ ಕರಾರುಗಳಲ್ಲಿ ಆ ಕಾಲದ ಮಾಮೂಲಿ ಷರತ್ತು ಹೀಗಿರುತ್ತಿತ್ತು: ದರದ ಮುಕ್ಕಾಲು ಪಾಲು ಮಾತ್ರ, ಅದೂ ಹೆಚ್ಚೆಂದರೆ 10 ಹಾಡಿಗೆ. ಅಲ್ಲಿಗೆ ಇಡೀ ಡಿಸ್ಕಿನ ಮಿತಿ 49.5 ಸೆಂಟ್. ಈಗ ಈ 14ರಲ್ಲಿ ಎರಡು ಹೊರಗಿನವರ ರಚನೆ ಎಂದುಕೊಳ್ಳಿ. ಹೊರಗಿನವರು ಷರತ್ತಿಗೆ ಬಗ್ಗುವುದಿಲ್ಲ, ಅವರಿಗೆ ಪೂರ್ಣ ದರದಂತೆ 13.2 ಸೆಂಟ್ ಹೋಗುತ್ತದೆ. ಉಳಿದ 36.3 ಸೆಂಟನ್ನು ಗಾಯಕನ 12 ಹಾಡಿಗೆ ಹಂಚಿದರೆ ತಲಾ ಮೂರು ಸೆಂಟಿನ ಆಸುಪಾಸು. ಇಂಥ ಕರಾರಿನಡಿ ಹಾಡು ಹೆಚ್ಚಿದಷ್ಟೂ ಗ್ರಾಹಕನಿಗೆ ಲಾಭ, ಕಂಪನಿಗೆ ನಷ್ಟವಿಲ್ಲ, ಬರೆದವನ ಪಾಲು ಮಾತ್ರ ತೆಳ್ಳಗಾಗುತ್ತದೆ. ಜೊತೆಗೆ ಅಂಗಡಿಗಳು ಹಿಂದಿರುಗಿಸಬಹುದಾದ ಡಿಸ್ಕುಗಳ ಲೆಕ್ಕದಲ್ಲಿ ರಾಯಲ್ಟಿಯ ಒಂದು ಭಾಗವನ್ನು ಕಂಪನಿ ತಡೆಹಿಡಿಯುವುದು, ಕಡಿಮೆ ಬೆಲೆಯ ಸಾಲಿಗೆ ಇಳಿಸಿದಾಗ ರಾಯಲ್ಟಿ ದರವನ್ನೂ ಇಳಿಸುವುದು ರೂಢಿ. ಸಂಕಲನಗಳು ಕಡಿಮೆ ಬೆಲೆಯ ಸಾಲಿಗೆ ಇಳಿಯುವುದೇ ಹೆಚ್ಚು.

ಇಲ್ಲಿಂದ ಮುಂದಿನದು ಎಣಿಕೆಯ ಮಾತು. ಯಾವ ಆಲ್ಬಮ್ ‘ಎಷ್ಟು’ ಮಾರಾಟವಾಯಿತು ಎಂದು ಕೇಳಿದರೆ, ಎಣಿಸಿದವರು ಯಾರು ಎಂದು ಮರುಪ್ರಶ್ನೆ ಹಾಕಲೇಬೇಕು.

1991ರ ಮೇ ತಿಂಗಳವರೆಗೆ ಬಿಲ್‌ಬೋರ್ಡ್ ಪಟ್ಟಿ ಅಂಗಡಿಗಳಿಗೆ ಕೇಳಿ ಬರೆದುಕೊಂಡ ವರದಿ. ಅಂಗಡಿಯವರು ಹೊಸ, ಸದ್ದು ಮಾಡುತ್ತಿರುವ ಹೆಸರುಗಳನ್ನು ಹೇಳುತ್ತಿದ್ದರು. ಮೂಲೆಯ ಕಪಾಟಿನಲ್ಲಿ ವಾರಕ್ಕೆ ನಾಲ್ಕರಂತೆ ಸದಾ ಖರ್ಚಾಗುವ ಹಳೆಯ ಆಲ್ಬಮ್ ಯಾರ ನೆನಪಿಗೂ ಬರುತ್ತಿರಲಿಲ್ಲ. ಸೌಂಡ್‌ಸ್ಕ್ಯಾನ್ ಬಂದು ಬಾರ್‌ಕೋಡ್ ಎಣಿಸತೊಡಗಿದ ಮೇಲೆ ಹಳೆಯ ಸರಕಿನ ನಿಜವಾದ ತೂಕ ಗೊತ್ತಾಯಿತು. ಗೊತ್ತಾದ ಕೂಡಲೇ ಬಿಲ್‌ಬೋರ್ಡ್ ಮಾಡಿದ ಕೆಲಸ, ಅವುಗಳಿಗೆ ಬೇರೆ ಪಟ್ಟಿ ಮಾಡಿ ಮುಖ್ಯ ಪಟ್ಟಿಯಿಂದ ಆಚೆ ಇಟ್ಟಿದ್ದು. ಮನೆಗೆ ದುಡಿದು ಹಾಕುವ ಅಜ್ಜನಿಗೆ ಪಡಸಾಲೆಯಲ್ಲಿ ಜಾಗವಿಲ್ಲ ಎಂದಂತೆ. ಸೀಗರ್ ಆಲ್ಬಮ್ ತನ್ನ ಬಹುಪಾಲು ಪ್ರತಿಗಳನ್ನು ಮಾರಿದ್ದು ಹೀಗೆ ಮುಖ್ಯ ಪಟ್ಟಿಯ ಕಣ್ಣಿಗೆ ಬೀಳದ ವರ್ಷಗಳಲ್ಲೇ.

ಈ ವ್ಯವಸ್ಥೆ ಕುಸಿದದ್ದು 2009ರಲ್ಲಿ. ಜೂನ್ 25ರಂದು ಮೈಕೆಲ್ ಜಾಕ್ಸನ್ ತೀರಿಕೊಂಡರು. ಅದರ ಬೆನ್ನಿಗೆ ಅವರ ‘ನಂಬರ್ ಒನ್ಸ್’ ಸಂಕಲನ ಒಂದೇ ವಾರದಲ್ಲಿ 1,08,000 ಪ್ರತಿ ಮಾರಾಟವಾಯಿತು. ಬಿಲ್‌ಬೋರ್ಡ್ 200ರ ತುದಿಯಲ್ಲಿದ್ದ ಬ್ಲ್ಯಾಕ್ ಐಡ್ ಪೀಸ್ ತಂಡದ ಆಲ್ಬಮ್ ಮಾರಿದ್ದು 88,000. ದೇಶದಲ್ಲಿ ಹೆಚ್ಚು ಮಾರಾಟವಾದ ಆಲ್ಬಮ್ ದೇಶದ ಮುಖ್ಯ ಪಟ್ಟಿಯಲ್ಲೇ ಇರಲಿಲ್ಲ. ಆ ವರ್ಷದ ಡಿಸೆಂಬರ್‌ನಿಂದ ಹಳೆಯ ಆಲ್ಬಮ್‌ಗಳಿಗೂ ಬಾಗಿಲು ತೆರೆಯಿತು. ಎಂಟು ವರ್ಷದ ನಂತರ, 2017ರ ಅಕ್ಟೋಬರ್‌ನಲ್ಲಿ ಟಾಮ್ ಪೆಟಿ ತೀರಿಕೊಂಡಾಗ ಅವರ 1993ರ ಸಂಕಲನ ಎರಡನೇ ಸ್ಥಾನಕ್ಕೆ ಏರಿತು. ಅವರು ಬದುಕಿದ್ದಾಗ ಅದು ಅಷ್ಟು ಎತ್ತರ ಕಂಡಿರಲಿಲ್ಲ. ಹಳೆಯ ನಿಯಮ ಇದ್ದಿದ್ದರೆ ಆ ಏರಿಕೆ ಪಟ್ಟಿಯಲ್ಲಿ ಕಾಣುತ್ತಲೇ ಇರಲಿಲ್ಲ.

ಗೋಲ್ಡ್, ಪ್ಲಾಟಿನಂ ಫಲಕಗಳದ್ದು ಇನ್ನೊಂದೇ ಲೆಕ್ಕ. ಅವನ್ನು ಕೊಡುವ ಆರ್‌ಐಎಎ ಅಮೆರಿಕದ ಧ್ವನಿಮುದ್ರಣ ಕಂಪನಿಗಳದೇ ಸಂಘ. ಐದು ಲಕ್ಷಕ್ಕೆ ಗೋಲ್ಡ್, ಹತ್ತು ಲಕ್ಷಕ್ಕೆ ಪ್ಲಾಟಿನಂ, ಒಂದು ಕೋಟಿಗೆ ಡೈಮಂಡ್. ಡೈಮಂಡ್ ದರ್ಜೆ ಬಂದದ್ದು 1999ರಲ್ಲಿ. ಸೀಗರ್ ಸಂಕಲನವೂ ಡೈಮಂಡ್ ಸಾಲಿನಲ್ಲಿದೆ. ಫಲಕ ತಾನಾಗಿ ಬರುವುದಿಲ್ಲ. ಕಂಪನಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಲೆಕ್ಕ ಪರಿಶೋಧನೆ ಮಾಡಿಸಿಕೊಳ್ಳಬೇಕು. ಅರ್ಜಿ ಹಾಕದಿದ್ದರೆ ಅಂಕಿ ಹಳೆಯದೇ ಉಳಿಯುತ್ತದೆ. ಸೌಂಡ್‌ಸ್ಕ್ಯಾನ್ ಎಣಿಸುತ್ತಿದ್ದದ್ದು ಗಲ್ಲಾಪೆಟ್ಟಿಗೆಯಲ್ಲಿ ದಾಟಿದ ಡಿಸ್ಕುಗಳನ್ನು; ಆರ್‌ಐಎಎ ಎಣಿಸುತ್ತಿದ್ದದ್ದು ಕಂಪನಿಯಿಂದ ಹೊರಟು ಹಿಂದಿರುಗದ ಡಿಸ್ಕುಗಳನ್ನು. ಕೊಲಂಬಿಯಾ ಹೌಸ್, ಬಿಎಂಜಿಯಂತಹ ಅಂಚೆ ಕ್ಲಬ್‌ಗಳು ‘ಒಂದು ಸೆಂಟಿಗೆ ಹನ್ನೆರಡು ಸಿಡಿ’ ಎಂದು ಸದಸ್ಯರನ್ನು ಸೇರಿಸಿಕೊಂಡ ಕಾಲದಲ್ಲಿ ಕ್ಲಬ್ ಮಾರಾಟ ಸೌಂಡ್‌ಸ್ಕ್ಯಾನ್‌ಗೆ ಸಿಗುತ್ತಿರಲಿಲ್ಲ, ಆರ್‌ಐಎಎಗೆ ಸಿಗುತ್ತಿತ್ತು. ಒಂದೇ ಆಲ್ಬಮ್‌ಗೆ ಎರಡು ಕಡೆ ಎರಡು ಸಂಖ್ಯೆ ಇರುವುದರ ಹಿಂದೆ ಮೋಸವೇ ಇರಬೇಕೆಂದಿಲ್ಲ.

ಬಹಳ ಜನ ಎಡವುವ ಜಾಗ ಡಬಲ್ ಆಲ್ಬಮ್. ಗಾಯಕ ಬಿಲ್ಲಿ ಜೋಯಲ್‌ನ 1985ರ ‘ಗ್ರೇಟೆಸ್ಟ್ ಹಿಟ್ಸ್’, ಒಂದು ಮತ್ತು ಎರಡನೇ ಸಂಪುಟ ಸೇರಿದ್ದು, 23 ಪಟ್ಟು ಪ್ಲಾಟಿನಂ. 2.3 ಕೋಟಿ ಜನ ಕೊಂಡರು ಎಂದು ಓದಿದರೆ ತಪ್ಪು. ಒಟ್ಟು ಅವಧಿ 100 ನಿಮಿಷ ಮೀರಿದ ಸೆಟ್ಟಿನಲ್ಲಿ ಆರ್‌ಐಎಎ ಪ್ರತಿ ಡಿಸ್ಕನ್ನೂ ಬೇರೆಯಾಗಿ ಎಣಿಸುತ್ತದೆ. ಎರಡು ಡಿಸ್ಕಿನ ಸೆಟ್ ಆದ್ದರಿಂದ ಗ್ರಾಹಕರ ಕೈ ಸೇರಿದ್ದು ಸುಮಾರು 1.15 ಕೋಟಿ ಸೆಟ್. ಒಂದೇ ಡಿಸ್ಕಿನ ಸೀಗರ್ ಅಥವಾ ಪೆಟಿ ಆಲ್ಬಮ್ ಪಕ್ಕ ಇಟ್ಟು ಹೋಲಿಸುವ ಮೊದಲು ಈ ಭಾಗಾಕಾರ ಮಾಡಿಕೊಳ್ಳಬೇಕು. ಪೆಟಿಯದು 12 ಪಟ್ಟು ಪ್ಲಾಟಿನಂ, ಒಂದೇ ಡಿಸ್ಕ್. ಮೇಲ್ನೋಟಕ್ಕೆ ಅರ್ಧ, ನಿಜದಲ್ಲಿ ಸರಿಸಮ.

2016ರ ಫೆಬ್ರುವರಿಯಿಂದ ಆರ್‌ಐಎಎ ಆಲ್ಬಮ್ ಫಲಕಗಳಿಗೆ ಸ್ಟ್ರೀಮಿಂಗನ್ನೂ ಸೇರಿಸಿಕೊಂಡಿತು: 1,500 ಸ್ಟ್ರೀಮ್ ಅಂದರೆ ಹತ್ತು ಬಿಡಿ ಹಾಡಿಗೆ ಸಮ, ಅಂದರೆ ಒಂದು ಆಲ್ಬಮ್. ಇದರ ಫಲ ಜಗತ್ತಿಗೆ ಕಂಡದ್ದು 2018ರ ಆಗಸ್ಟ್‌ನಲ್ಲಿ. ಈಗಲ್ಸ್ ತಂಡದ 1976ರ ಸಂಕಲನ 38 ಪಟ್ಟು ಪ್ಲಾಟಿನಂ ಆಗಿ, 33 ಪಟ್ಟಿನಲ್ಲಿದ್ದ ಮೈಕೆಲ್ ಜಾಕ್ಸನ್‌ರ ‘ಥ್ರಿಲ್ಲರ್’ ಅನ್ನು ಹಿಂದೆ ಹಾಕಿತು. 2006ರಲ್ಲಿ ಅದು ಇದ್ದದ್ದು 29ರಲ್ಲಿ. ಸಿಡಿ ಮಾರುಕಟ್ಟೆ ಕುಸಿದು ಬಿದ್ದ ಹನ್ನೆರಡು ವರ್ಷಗಳಲ್ಲಿ ಇನ್ನೂ 90 ಲಕ್ಷ ಸೇರಿತು ಎಂದರೆ ಡಿಸ್ಕು ಕೊಂಡವರ ಜೊತೆ ಫೋನಿನಲ್ಲಿ ಕೇಳಿದವರೂ ಆ ಮೊತ್ತದಲ್ಲಿದ್ದಾರೆ.

ಇನ್ನು ವಾರದ ಪಟ್ಟಿ. ಬಿಲ್‌ಬೋರ್ಡ್ 200 ಸ್ಟ್ರೀಮಿಂಗನ್ನು ಸೇರಿಸಿಕೊಂಡಿದ್ದು 2014ರ ಡಿಸೆಂಬರ್‌ನಲ್ಲಿ. 2018ರಲ್ಲಿ ದರ ಎರಡಾಯಿತು: ಚಂದಾದಾರರದಾದರೆ 1,250 ಸ್ಟ್ರೀಮಿಗೆ ಒಂದು ಆಲ್ಬಮ್, ಜಾಹೀರಾತು ಸಹಿತ ಉಚಿತ ಸೇವೆಯದಾದರೆ 3,750ಕ್ಕೆ. 2026ರ ಜನವರಿಯಿಂದ ಅವು 1,000 ಮತ್ತು 2,500ಕ್ಕೆ ಇಳಿದಿವೆ. ಒಂದು ಸಂಕಲನದ ಹಾಡುಗಳನ್ನು ಚಂದಾದಾರರು ವಾರಕ್ಕೆ ಒಂದು ಕೋಟಿ ಸಲ ಕೇಳುತ್ತಾರೆ ಎಂದಿಟ್ಟುಕೊಂಡರೆ ಹಳೆಯ ದರದಲ್ಲಿ ಅದು 8,000 ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಆಲ್ಬಮ್‌ಗೆ ಸಮ), ಹೊಸ ದರದಲ್ಲಿ 10,000. ಒಬ್ಬ ಕೇಳುಗನೂ ಹೆಚ್ಚಾಗದೆ ಕಾಲು ಭಾಗ ಏರಿಕೆ. ಉಚಿತ ಕೇಳುಗರ ಪಾಲಿನಲ್ಲಂತೂ ಏರಿಕೆ ಅರ್ಧದಷ್ಟು. 2025 ಮತ್ತು 2026ರ ಯೂನಿಟ್‌ಗಳನ್ನು ನೇರವಾಗಿ ಪಕ್ಕಪಕ್ಕ ಇಟ್ಟು ‘ಜನಪ್ರಿಯತೆ ಹೆಚ್ಚಿದೆ’ ಎಂದು ಬರೆಯುವ ಸುದ್ದಿಗಳನ್ನು ಹಾಗಾಗಿ ಎಚ್ಚರದಿಂದ ಓದಬೇಕು.

ಸಂಕಲನಗಳಿಗೆ ವರವಾಗಿರುವ ನಿಯಮ ಮತ್ತೊಂದಿದೆ, ಇದರ ಬಗ್ಗೆ ಚರ್ಚೆ ಕಡಿಮೆ. ‘ನೈಟ್ ಮೂವ್ಸ್’ ಹಾಡು 1976ರ ಅದೇ ಹೆಸರಿನ ಆಲ್ಬಮ್‌ನಲ್ಲಿದೆ, 1994ರ ಸಂಕಲನದಲ್ಲಿದೆ, 2011ರ ‘ಅಲ್ಟಿಮೇಟ್ ಹಿಟ್ಸ್’ನಲ್ಲೂ ಇದೆ. ಯಾರೋ ಫೋನಿನಲ್ಲಿ ಆ ಹಾಡು ಒತ್ತಿದರೆ ಅದು ಯಾವ ಆಲ್ಬಮ್‌ನ ಲೆಕ್ಕಕ್ಕೆ ಹೋಗಬೇಕು? ಮೂರಕ್ಕೂ ಸೇರಿಸಿದರೆ ಒಂದೇ ಸಲ ಕೇಳಿದ್ದನ್ನು ಮೂರು ಸಲ ಎಣಿಸಿದಂತೆ. ಆದ್ದರಿಂದ ಆ ಕಲಾವಿದನ ಆಲ್ಬಮ್‌ಗಳಲ್ಲಿ ಹೆಚ್ಚು ಮಾರಾಟವಾಗುತ್ತಿರುವುದು ಯಾವುದೋ ಅದರ ಖಾತೆಗೆ ಮಾತ್ರ ಜಮೆ. ಹಳೆಯ ರಾಕ್ ಗಾಯಕರ ವಿಷಯದಲ್ಲಿ ಅದು ಬಹುತೇಕ ಸಂಕಲನವೇ. ಎಲ್ಲ ಜನಪ್ರಿಯ ಹಾಡುಗಳ ಸ್ಟ್ರೀಮುಗಳೂ ಒಂದೇ ಬಿಂದಿಗೆಗೆ ಬಿದ್ದು ಸಂಕಲನ ವರ್ಷಗಟ್ಟಲೆ ಪಟ್ಟಿಯಲ್ಲಿ ಕೂರುತ್ತದೆ. ಹಾಡು ಹುಟ್ಟಿದ ಮೂಲ ಆಲ್ಬಮ್ ಪಟ್ಟಿಯ ಹತ್ತಿರವೂ ಸುಳಿಯುವುದಿಲ್ಲ. ಕೇಳುಗ ಆ ಸಂಕಲನದ ಮುಖಪುಟವನ್ನೇ ನೋಡಿರಲಿಕ್ಕಿಲ್ಲ, ಯಾವುದೋ ‘ರೋಡ್ ಟ್ರಿಪ್’ ಪ್ಲೇಲಿಸ್ಟ್‌ನಲ್ಲಿ ಹಾಡು ತಾನಾಗಿ ಬಂದಿರಬಹುದು. ಬ್ರಿಟನ್‌ನ ಪಟ್ಟಿಯಲ್ಲಿ ಕ್ವೀನ್ ತಂಡದ 1981ರ ‘ಗ್ರೇಟೆಸ್ಟ್ ಹಿಟ್ಸ್’ 2022ರಲ್ಲಿ 70 ಲಕ್ಷ ದಾಟಿ ಅಲ್ಲಿನ ಸಾರ್ವಕಾಲಿಕ ದಾಖಲೆಯನ್ನು ಇನ್ನೂ ಎತ್ತರಿಸಿತು. ಅದರಲ್ಲೂ ಸ್ಟ್ರೀಮುಗಳು ಸೇರಿವೆ.

ಹಾಗಾದರೆ ಕಂಪನಿಗಳು ಎಡವುವುದು ಎಲ್ಲಿ? ಹೆಚ್ಚಾಗಿ ಎರಡನೇ ಸಂಕಲನದಲ್ಲಿ. ಸೀಗರ್‌ನ ‘ಗ್ರೇಟೆಸ್ಟ್ ಹಿಟ್ಸ್ 2’ 2003ರಲ್ಲಿ ಬಂತು. ಮೊದಲನೆಯದರ ನೆರಳಿನಿಂದ ಅದು ಹೊರಬರಲೇ ಇಲ್ಲ. ಒಳ್ಳೆಯ ಹಾಡುಗಳೆಲ್ಲ ಮೊದಲ ಬುಟ್ಟಿಗೆ ಹೋದ ಮೇಲೆ ಎರಡನೆಯದಕ್ಕೆ ಉಳಿಯುವುದು ಅಭಿಮಾನಿಗಳಷ್ಟೇ ಬಲ್ಲ ಹಾಡುಗಳು, ಅಭಿಮಾನಿಗಳ ಬಳಿ ಅವು ಆಗಲೇ ಇರುತ್ತವೆ. ಎರಡೂ ಬುಟ್ಟಿ ಸೇರಿಸಿ ‘ಸಂಪೂರ್ಣ’ ಸಂಕಲನ ತಂದರೆ ಬೆಲೆ ಏರುತ್ತದೆ, ಚೌಕಾಸಿ ಗ್ರಾಹಕ ಹಳೆಯ ಒಂಟಿ ಡಿಸ್ಕಿಗೇ ಮರಳುತ್ತಾನೆ. ಹಾಡುಗಳನ್ನು ಬದಲಿಸುವುದೂ ನಾಜೂಕಿನ ಕೆಲಸ: ಪೆಟಿಯ ಸಂಕಲನ 2008ರಲ್ಲಿ ಮರುಮುದ್ರಣವಾದಾಗ ‘ಸಮ್‌ಥಿಂಗ್ ಇನ್ ದ ಏರ್’ ತೆಗೆದು ‘ಸ್ಟಾಪ್ ಡ್ರ್ಯಾಗಿಂಗ್ ಮೈ ಹಾರ್ಟ್ ಅರೌಂಡ್’ ಹಾಕಿದರು. ಹೆಸರು ಅದೇ, ಹಾಡು ಬೇರೆ. ಬಳಸಿದ ಸಿಡಿ ಕೊಳ್ಳುವವರು ಹಿಂಬದಿಯ ಪಟ್ಟಿ ನೋಡಿಕೊಳ್ಳುವುದು ಒಳ್ಳೆಯದು.

ಮಾರಾಟದ ಸಂಖ್ಯೆಗೂ ದುಡ್ಡು ಸೇರುವ ಜೇಬಿಗೂ ಇರುವ ಅಂತರಕ್ಕೆ ಸೀಗರ್ ಡಿಸ್ಕಿನಲ್ಲೇ ಒಂದು ಸಾಕ್ಷಿ ಇದೆ. ‘ಓಲ್ಡ್ ಟೈಮ್ ರಾಕ್ ಆ್ಯಂಡ್ ರೋಲ್’ ರಚನೆ ಜಾರ್ಜ್ ಜಾಕ್ಸನ್ ಮತ್ತು ಥಾಮಸ್ ಜೋನ್ಸ್ ಹೆಸರಿನಲ್ಲಿದೆ. ಪಲ್ಲವಿ ಬಿಟ್ಟು ಉಳಿದ ಸಾಲುಗಳನ್ನೆಲ್ಲ ತಾವೇ ತಿದ್ದಿ ಬರೆದುದಾಗಿ ಸೀಗರ್ ಹೇಳಿಕೊಂಡಿದ್ದಾರೆ. ಆದರೆ ಆಗ ರಚನೆಯಲ್ಲಿ ತಮ್ಮ ಹೆಸರು ಸೇರಿಸಿ ಎಂದು ಕೇಳಲಿಲ್ಲ. ಆ ಹಾಡಿನ ಪ್ರತಿ ಸ್ಟ್ರೀಮೂ ಸೀಗರ್ ಆಲ್ಬಮ್‌ನ ಯೂನಿಟ್ ಏರಿಸುತ್ತದೆ. ಅದರ ಗೀತರಚನೆಯ ರಾಯಲ್ಟಿ ಮಾತ್ರ ಆ ಇಬ್ಬರ ಕಡೆಗೇ ಹೋಗುತ್ತದೆ.